ದುಡಿಯುವ ಕೈಗಳನ್ನು ಅರಿತ ಜಮ್‌ಶೆಟ್‌ಜೀ ಟಾಟಾ

ಯಾರಿಗೆ ಯಾವ ಕಾಯಕ ಒಪ್ಪುತ್ತದೆ ಎಂಬುದನ್ನು ಅರಿಯುವುದು ದುಡಿಸಿಕೊಳ್ಳುವವನ ಮೊದಲ ಹೊಣೆ. ಆ ಕಾಯಕದಲ್ಲಿ ದುಡಿಯುವವನ ಮನಸ್ಸು ನಿಲ್ಲುವಂತೆ ನೋಡಿಕೊಳ್ಳುವುದು ಎರಡನೆಯದು. ಸಾವಿರಾರು ಜನರು ಒಂದೇ ಸೂರಿನಡಿ ಯಂತ್ರಗಳೊಡನೆ ದುಡಿಯುವ ಗಿರಣಿಯಲ್ಲಿ ಈ ಎರಡು ಹೊಣೆಗಳನ್ನೂ ಹೊತ್ತು ತೋರಿಸಿದವರು ಜಮ್‌ಶೆಟ್‌ಜೀ ನಸರ್‌ವಾನ್‌ಜೀ ಟಾಟಾ.

ಅವರು ಜನಿಸಿದ್ದು 1839ರ ಮಾರ್ಚ್ 3ರಂದು, ಗುಜರಾತಿನ ನವಸಾರಿಯ ಪಾರ್ಸಿ ಕುಟುಂಬವೊಂದರಲ್ಲಿ. ಮುಂಬಯಿಯ ಎಲ್ಫಿನ್‌ಸ್ಟನ್ ಕಾಲೇಜಿನಲ್ಲಿ ವ್ಯಾಸಂಗ ಮುಗಿಸಿ ತಂದೆಯ ವ್ಯಾಪಾರವನ್ನು ಸೇರಿದರು. ಅಮೆರಿಕದ ಅಂತರ್ಯುದ್ಧ 1865ರಲ್ಲಿ ಮುಗಿದು ಹತ್ತಿಯ ಬೆಲೆ ಕುಸಿದಾಗ ಇಂಗ್ಲೆಂಡಿನಲ್ಲಿದ್ದ ಅವರ ವ್ಯವಹಾರವೂ ನೆಲಕಚ್ಚಿತು. ಆದರೂ ಸಾಲ ಕೊಟ್ಟವರಿಂದ ಏನನ್ನೂ ಮುಚ್ಚಿಡದ ಅವರ ನಡತೆ ಎಲ್ಲರ ವಿಶ್ವಾಸವನ್ನು ಗಳಿಸಿತು. 1868ರಲ್ಲಿ 21,000 ರೂಪಾಯಿಗಳ ಬಂಡವಾಳದಿಂದ ಸ್ವಂತ ವ್ಯಾಪಾರವನ್ನು ಆರಂಭಿಸಿದರು.

ಹತ್ತಿಯ ಗಿರಣಿಗಳು ಹೆಚ್ಚಾಗಿ ಮುಂಬಯಿಯಲ್ಲಿ ನೆರೆದಿದ್ದ ಕಾಲವದು. ಜಮ್‌ಶೆಟ್‌ಜೀಯವರು ಹತ್ತಿ ಬೆಳೆಯುವ ಸೀಮೆಗೂ ಕಲ್ಲಿದ್ದಲಿಗೂ ಸಮೀಪವಾದ ನಾಗಪುರವನ್ನು ಆರಿಸಿಕೊಂಡರು. ಜೌಗು ನೆಲವನ್ನು ಮಣ್ಣಿನಿಂದ ತುಂಬಿಸಿ ಕಟ್ಟಡ ಎಬ್ಬಿಸಹೊರಟಾಗ, ಇದು ಹೊನ್ನನ್ನು ಹೂಳುವ ಕೆಲಸವೆಂದು ಅಲ್ಲಿನ ಲೇವಾದೇವಿಗಾರರೊಬ್ಬರು ಹಣ ಕೊಡಲು ನಿರಾಕರಿಸಿದರಂತೆ. 1877ರ ಜನವರಿ 1ರಂದು ಎಂಪ್ರೆಸ್ ಮಿಲ್ ಪ್ರಾರಂಭವಾಯಿತು.

ಅದರ ಆಡಳಿತಕ್ಕೆ ಅವರು ನೇಮಿಸಿದ್ದು ಬೆಜೊನ್‌ಜೀ ಮೆಹ್ತಾ ಎಂಬವರನ್ನು. ಮೆಹ್ತಾ ಅವರು ರೈಲ್ವೆಯ ಸರಕು ಸಾಗಣೆ ವಿಭಾಗದಲ್ಲಿದ್ದವರು. ನೂಲಿನ ವಿಷಯ ಅವರಿಗೆ ತಿಳಿದಿರಲಿಲ್ಲ. ಆದರೆ ಜನರನ್ನು ನಡೆಸುವ ಜಾಣ್ಮೆಯನ್ನೂ ಕೆಲಸದ ಶಿಸ್ತನ್ನೂ ಜಮ್‌ಶೆಟ್‌ಜೀಯವರು ಅವರಲ್ಲಿ ಗುರುತಿಸಿದ್ದರು. ಯಂತ್ರಗಳ ಹೊಣೆಯನ್ನು ಲ್ಯಾಂಕಷೈರಿನ ಅನುಭವಿ ಜೇಮ್ಸ್ ಬ್ರೂಕ್ಸ್‌ಬಿ ಅವರಿಗೆ ಒಪ್ಪಿಸಿದರು. ಒಬ್ಬರಿಗೆ ಜನ, ಇನ್ನೊಬ್ಬರಿಗೆ ಯಂತ್ರ. ಅಗ್ಗದ ಯಂತ್ರಗಳಿಂದಾಗಿ ಮೊದಲಲ್ಲಿ ನೂಲಿನ ಗುಣಮಟ್ಟ ಕೆಟ್ಟಾಗಲೂ ಆ ಇಬ್ಬರ ಮೇಲಿನ ನಂಬಿಕೆಯನ್ನು ಅವರು ಬಿಡಲಿಲ್ಲ, ಯಂತ್ರಗಳನ್ನು ಬದಲಾಯಿಸಿದರು. ಇತರರು ಅನುಮಾನದಿಂದ ನೋಡುತ್ತಿದ್ದ ರಿಂಗ್ ಕದಿರುಗಳನ್ನು ಅಲ್ಲಿಯೇ ಪರೀಕ್ಷಿಸಿ ಅಳವಡಿಸಿದರು.

ಅದಕ್ಕಿಂತ ಕಠಿಣವಾದ ತೊಡಕು ಬೇರೆಯದಿತ್ತು. ಹೊಲಗದ್ದೆಗಳ ಬದುಕಿಗೆ ಒಗ್ಗಿದ್ದ ಜನರಿಗೆ ಗಿರಣಿಯ ಗಂಟೆಯ ಲೆಕ್ಕ ಹಿಡಿಸಲಿಲ್ಲ. ದಿನವೂ ಅನೇಕರು ಗೈರುಹಾಜರಾಗುತ್ತಿದ್ದರು. ಮಗ್ಗಗಳು ಸುಮ್ಮನೆ ನಿಲ್ಲುತ್ತಿದ್ದವು. ದಂಡ ಹಾಕುವುದೂ ಕೆಲಸದಿಂದ ತೆಗೆಯುವುದೂ ಸುಲಭದ ದಾರಿಗಳಾಗಿದ್ದವು. ಜಮ್‌ಶೆಟ್‌ಜೀಯವರು ಜನರು ಏಕೆ ಬರುವುದಿಲ್ಲವೆಂದು ವಿಚಾರಿಸಿದರು. ಒಳಗಿನ ಸೆಕೆ, ಹತ್ತಿಯ ಧೂಳು, ಮುಪ್ಪಿನ ಭಯ, ಚೆನ್ನಾಗಿ ದುಡಿದರೂ ಯಾರೂ ಗಮನಿಸರೆಂಬ ಬೇಸರ — ಒಂದೊಂದಕ್ಕೂ ಪರಿಹಾರ ಹುಡುಕಿದರು. ಗಾಳಿ ಆಡುವ ವ್ಯವಸ್ಥೆ, ತೇವಾಂಶ ಕಾಯುವ ಯಂತ್ರ, ಬೆಂಕಿ ನಂದಿಸುವ ಸಾಧನಗಳು ಬಂದವು. 1886ರಲ್ಲಿ ಪಿಂಚಣಿ ನಿಧಿ, 1895ರಲ್ಲಿ ಅಪಘಾತ ಪರಿಹಾರ ಜಾರಿಯಾದವು. ಒಳ್ಳೆಯ ಕೆಲಸಗಾರರಿಗೆ ಎಲ್ಲರೆದುರು ಬಹುಮಾನ ಹಂಚುವ ಸಮಾರಂಭ ನಡೆಯತೊಡಗಿತು. ಓದಿದ ತರುಣರನ್ನು ಸೇರಿಸಿಕೊಂಡು, ಗಿರಣಿಯ ಬೇರೆ ಬೇರೆ ವಿಭಾಗಗಳಲ್ಲಿ ಪಳಗಿಸುವ ಪದ್ಧತಿಯೂ ಬಂದಿತು.

ಇಷ್ಟಾದರೂ ಆ ಕಾಲದ ಗಿರಣಿಯ ದುಡಿಮೆ ಸುಖದ್ದಾಗಿರಲಿಲ್ಲ. ವಯಸ್ಕ ಗಂಡಸರ ಕೆಲಸದ ಅವಧಿಗೆ ಕಾನೂನಿನ ಮಿತಿಯೇ ಇರಲಿಲ್ಲ. ಯಾವ ಕಾಯ್ದೆಯೂ ಒತ್ತಾಯಿಸದಿದ್ದ ಹೊತ್ತಿನಲ್ಲಿ ಪಿಂಚಣಿಯನ್ನೂ ಪರಿಹಾರವನ್ನೂ ಕೊಟ್ಟುದರಿಂದಲೇ ಅವರ ಕಾರ್ಯಕ್ಕೆ ಬೆಲೆ ಹೆಚ್ಚು.

ಆ ಪಳಗಿದ ಕೈಗಳ ಮಹತ್ವ 1886ರ ನಂತರ ತಿಳಿಯಿತು. ಮುಂಬಯಿಯ ಕುರ್ಲಾದಲ್ಲಿ ಮುಳುಗುತ್ತಿದ್ದ ಗಿರಣಿಯೊಂದನ್ನು ಕೊಂಡು ಸ್ವದೇಶಿ ಮಿಲ್ ಎಂದು ಹೆಸರಿಟ್ಟರು. ಹಳೆಯ ಯಂತ್ರಗಳು ಕೈಕೊಟ್ಟವು, ಷೇರಿನ ಬೆಲೆ ಬಿದ್ದಿತು, ಟಾಟಾ ಹೆಸರಿಗೇ ಕುತ್ತು ಬಂದಿತು. ಆಗ ಸ್ವಂತ ಹಣ ತೊಡಗಿಸಿ, ನಾಗಪುರದಿಂದ ನುರಿತವರನ್ನು ಕರೆಸಿ ಗಿರಣಿಯನ್ನು ಮೇಲೆತ್ತಿದರು.

ಪ್ರತಿಭೆಯನ್ನು ಹುಡುಕುವ ಅವರ ಕಣ್ಣು ಗಿರಣಿಯ ಗೋಡೆಯೊಳಗೆ ನಿಲ್ಲಲಿಲ್ಲ. ಭಾರತೀಯ ತರುಣರ ವಿದೇಶ ವ್ಯಾಸಂಗಕ್ಕಾಗಿ 1892ರಲ್ಲಿ ನಿಧಿಯನ್ನು ಸ್ಥಾಪಿಸಿದರು. ರೇಷ್ಮೆಯ ಕಸುಬು ಬಲ್ಲ ಜಪಾನೀಯರನ್ನು ಬೆಂಗಳೂರಿಗೆ ಕರೆಸಿ ನಮ್ಮವರಿಗೆ ಕಲಿಸುವ ಏರ್ಪಾಟು ಮಾಡಿದರು. ಅವರು ಕನಸು ಕಂಡ ವಿಜ್ಞಾನ ಸಂಸ್ಥೆಗೆ ಮೈಸೂರು ಸಂಸ್ಥಾನವು ಬೆಂಗಳೂರಿನಲ್ಲಿ 371 ಎಕರೆ ಭೂಮಿಯನ್ನು ನೀಡಿತು. 1909ರಲ್ಲಿ ಸ್ಥಾಪನೆಯಾದ ಆ ಸಂಸ್ಥೆಯನ್ನು ಹಿರಿಯರು ಇಂದಿಗೂ ಟಾಟಾ ಇನ್‌ಸ್ಟಿಟ್ಯೂಟ್ ಎಂದೇ ಕರೆಯುತ್ತಾರೆ. ಅದನ್ನು ನೋಡುವ ಭಾಗ್ಯ ಅವರಿಗಿರಲಿಲ್ಲ. 1904ರ ಮೇ 19ರಂದು ಜರ್ಮನಿಯಲ್ಲಿ ಅವರು ದೇಹವಿಟ್ಟರು.

ಉಕ್ಕಿನ ಕಾರ್ಖಾನೆಯೂ ಅವರ ಕಾಲಾನಂತರವೇ ಎದ್ದಿತು. ಆದರೆ ಅದಕ್ಕೆ ಜಾಗ ಗೊತ್ತಾಗುವ ಮೊದಲೇ, ಕಾರ್ಮಿಕರ ಊರಿನಲ್ಲಿ ಅಗಲವಾದ ಬೀದಿಗಳೂ ನೆರಳಿನ ಮರಗಳೂ ಆಟದ ಬಯಲುಗಳೂ ಎಲ್ಲ ಮತದವರ ಪೂಜಾಸ್ಥಳಗಳೂ ಇರಬೇಕೆಂದು ಮಗ ದೊರಾಬ್‌ಜೀಗೆ ಪತ್ರ ಬರೆದಿದ್ದರು.

ಮನೆಯಲ್ಲಿ, ಹೊಲದಲ್ಲಿ, ಅಂಗಡಿಯಲ್ಲಿ ನಾವೆಲ್ಲರೂ ಒಬ್ಬಿಬ್ಬರಿಂದಲಾದರೂ ಕೆಲಸ ಮಾಡಿಸಿಕೊಳ್ಳುವವರೇ. ಬಾರದವನ ಮೇಲೆ ಸಿಟ್ಟಾಗುವ ಮೊದಲು ಆತ ಏಕೆ ಬರಲಿಲ್ಲವೆಂದು ಕೇಳುವ ತಾಳ್ಮೆಯನ್ನು ಈ ಬಾಳಿನಿಂದ ಕಲಿತರೆ, ಕಾಯಕವನ್ನು ಪೂಜೆಯೆಂದು ನಂಬಿದ ನಮಗೆ ಅದು ಒಪ್ಪುವ ನಡೆಯಾದೀತು.