ನಕ್ಷತ್ರಗಳ ಲಿಪಿಯನ್ನು ಓದಲು ಕಲಿಸಿದ ಮೇಘನಾದ ಸಹಾ

ಜನಕಪುರಿಯ ಮನೆಯ ಮಾಳಿಗೆಯಲ್ಲಿ ನಿಂತು ರಾತ್ರಿಯ ಆಗಸವನ್ನು ನೋಡಿದರೆ ಬೆರಳೆಣಿಕೆಯ ನಕ್ಷತ್ರಗಳಷ್ಟೇ ಕಾಣುತ್ತವೆ. ಅವುಗಳ ಒಡಲಲ್ಲಿ ಏನಿದೆಯೆಂದು ಅರಿಯುವ ದಾರಿಯನ್ನು ಜಗತ್ತಿಗೆ ತೋರಿದ ಭಾರತೀಯ ವಿಜ್ಞಾನಿಯೊಬ್ಬರು ನಮ್ಮ ಇದೇ ದೆಹಲಿಯಲ್ಲಿ ಕೊನೆಯುಸಿರೆಳೆದರೆಂಬುದು ಅನೇಕರಿಗೆ ತಿಳಿದಿರಲಾರದು. ಅವರೇ ಡಾ. ಮೇಘನಾದ ಸಹಾ.

1893ರ ಅಕ್ಟೋಬರ್ 6ರಂದು ಢಾಕಾ ಸಮೀಪದ ಹಳ್ಳಿಯೊಂದರಲ್ಲಿ ಸಣ್ಣ ಅಂಗಡಿಕಾರರ ಮಗನಾಗಿ ಸಹಾ ಜನಿಸಿದರು. ವೈದ್ಯರೊಬ್ಬರು ಊಟ, ವಸತಿ ನೀಡಿದ್ದರಿಂದ ಓದು ಮುಂದುವರಿಯಿತು. 1905ರ ವಂಗಭಂಗದ ದಿನಗಳಲ್ಲಿ ಗವರ್ನರರ ಭೇಟಿಯನ್ನು ಬಹಿಷ್ಕರಿಸಿದ್ದಕ್ಕಾಗಿ ಶಾಲೆಯನ್ನೂ ವಿದ್ಯಾರ್ಥಿವೇತನವನ್ನೂ ಕಳೆದುಕೊಂಡರು. ಕಲ್ಕತ್ತೆಯ ವಿದ್ಯಾರ್ಥಿನಿಲಯದಲ್ಲಿ ಜಾತಿಯ ಕಾರಣಕ್ಕೆ ಅವರನ್ನು ಸಹಪಂಕ್ತಿಯಿಂದ ದೂರವಿಡಲಾಯಿತು. ಈ ನೋವುಗಳಾವುವೂ ಅವರ ಅಧ್ಯಯನವನ್ನು ತಡೆಯಲಿಲ್ಲ.

1920ರಲ್ಲಿ ಪ್ರಕಟವಾದ ಅವರ ಅಯಾನೀಕರಣ ಸಿದ್ಧಾಂತವು ಖಗೋಳವಿಜ್ಞಾನದ ದಿಕ್ಕನ್ನೇ ಬದಲಿಸಿತು. ನಿರ್ದಿಷ್ಟ ಉಷ್ಣತೆ ಮತ್ತು ಒತ್ತಡಗಳಲ್ಲಿ ಎಷ್ಟು ಪರಮಾಣುಗಳು ಎಲೆಕ್ಟ್ರಾನನ್ನು ಕಳೆದುಕೊಳ್ಳುತ್ತವೆ ಎಂಬುದನ್ನು ಸಹಾ ಸಮೀಕರಣವು ತಿಳಿಸುತ್ತದೆ. ರೋಹಿತದಲ್ಲಿ ಒಂದು ಧಾತುವಿನ ಗೆರೆ ಮಸುಕಾಗಿದ್ದರೆ ಆ ಧಾತುವೇ ವಿರಳವೆಂದು ಭಾವಿಸಬೇಕಿಲ್ಲ. ನಕ್ಷತ್ರದ ಉಷ್ಣತೆಯೂ ಅದಕ್ಕೆ ಕಾರಣವಾಗಿರಬಹುದು. ಇದೇ ಸಮೀಕರಣದ ನೆರವಿನಿಂದ ಸಿಸಿಲಿಯಾ ಪೇನ್ 1925ರಲ್ಲಿ ನಕ್ಷತ್ರಗಳು ಬಹುಪಾಲು ಜಲಜನಕ ಮತ್ತು ಹೀಲಿಯಂನಿಂದಾದವೆಂಬ ನಿರ್ಣಯಕ್ಕೆ ಬಂದರು.

ಇಂದು ಅದೇ ಬುನಾದಿಯ ಮೇಲೆ ವಿಜ್ಞಾನಿಗಳು ನಮ್ಮ ಕ್ಷೀರಪಥದ ಸುತ್ತಲಿನ ಪುಟ್ಟ, ಮಂಕಾದ ಗೆಲಾಕ್ಸಿಗಳ ಇತಿಹಾಸವನ್ನು ಓದುತ್ತಿದ್ದಾರೆ. ಆದಿಯ ದೈತ್ಯ ನಕ್ಷತ್ರಗಳು ಕೆಲವೇ ದಶಲಕ್ಷ ವರ್ಷ ಬಾಳಿ, ಸ್ಫೋಟಗೊಂಡು, ತಮ್ಮೊಳಗೆ ಬೆಂದ ಆಮ್ಲಜನಕ, ಮೆಗ್ನೀಸಿಯಂ, ಕಬ್ಬಿಣಗಳನ್ನು ಸುತ್ತಲಿನ ಅನಿಲಕ್ಕೆ ಬೆರೆಸಿದವು. ದೊಡ್ಡ ಗೆಲಾಕ್ಸಿಯಲ್ಲಿ ಅಸಂಖ್ಯ ಸ್ಫೋಟಗಳ ಫಲ ಕಲಸಿಹೋಗುತ್ತದೆ. ಆದರೆ ಸೆಗ್ಯೂ 1ರಂತಹ ಪುಟ್ಟ ಗೆಲಾಕ್ಸಿಯಲ್ಲಿ ನಕ್ಷತ್ರಗಳ ಹುಟ್ಟು ಬೇಗನೆ ನಿಂತುಹೋದುದರಿಂದ, ಆ ಮೊದಲ ಸ್ಫೋಟಗಳ ಗುರುತು ಅಲ್ಲಿನ ಹಳೆಯ ನಕ್ಷತ್ರಗಳಲ್ಲಿ ಇನ್ನೂ ಉಳಿದಿದೆ.

ಸಹಾ ಅವರು ಪ್ರಯೋಗಾಲಯಕ್ಕಷ್ಟೇ ಸೀಮಿತರಾಗಲಿಲ್ಲ. ನದಿಗಳ ಪ್ರವಾಹದ ಬಗ್ಗೆ, ಕೈಗಾರಿಕಾ ಯೋಜನೆಗಳ ಬಗ್ಗೆ ನಿರಂತರವಾಗಿ ಬರೆದರು. 1952ರಲ್ಲಿ ಲೋಕಸಭೆಗೆ ಆಯ್ಕೆಯಾದರು. ಪಂಚಾಂಗ ಸುಧಾರಣಾ ಸಮಿತಿಯ ಅಧ್ಯಕ್ಷರಾಗಿ ದೇಶಕ್ಕೊಂದು ಸಮಾನ ಪಂಚಾಂಗವನ್ನು ರೂಪಿಸಿದರು. ಅದು ಜಾರಿಗೆ ಬಂದುದು 1957ರ ಮಾರ್ಚ್ 22ರಂದು. ಅದನ್ನು ಕಾಣಲು ಅವರಿರಲಿಲ್ಲ. 1956ರ ಫೆಬ್ರವರಿ 16ರಂದು ದೆಹಲಿಯಲ್ಲಿ ಯೋಜನಾ ಆಯೋಗದ ಕಚೇರಿಗೆ ಹೋಗುತ್ತಿದ್ದಾಗ ಹೃದಯಾಘಾತದಿಂದ ಕುಸಿದು ನಿಧನರಾದರು. ಆಗ ಅವರಿಗೆ 62 ವರ್ಷ.

ಊಟದ ಪಂಕ್ತಿಯಲ್ಲಿ ಜಾಗ ಸಿಗದ ಹುಡುಗನ ಸಮೀಕರಣವಿಲ್ಲದೆ ಇಂದು ಯಾವ ನಕ್ಷತ್ರದ ಒಡಲನ್ನೂ ಅಳೆಯಲಾಗದು.