ತಂತಿಯ ಆ ತುದಿಯಲ್ಲಿ ಗಣಕ: ಜಾರ್ಜ್ ಸ್ಟಿಬಿಟ್ಸ್ ಬದುಕು, ಸಾಧನೆ

ಬ್ಯಾಂಕಿನ ಕೌಂಟರಿನ ಮುಂದೆ ಸರದಿಯಲ್ಲಿ ನಿಂತು, ಕೊನೆಗೆ ಸರ್ವರ್ ಡೌನ್ ಎಂಬ ಮಾತು ಕೇಳಿ ಬರಿಗೈಯಲ್ಲಿ ಹಿಂದಿರುಗಿದ ಅನುಭವ ನಗರವಾಸಿಗಳಲ್ಲಿ ಯಾರಿಗಿಲ್ಲ? ಎಷ್ಟೋ ಸಲ ಕೆಟ್ಟಿರುವುದು ಗಣಕವಲ್ಲ; ಗಣಕಕ್ಕೂ ಕೌಂಟರಿಗೂ ನಡುವಿನ ಸಂಪರ್ಕ. ನಮ್ಮ ಲೆಕ್ಕವೆಲ್ಲ ದೂರದ ಊರಿನ ದೊಡ್ಡ ಯಂತ್ರವೊಂದರಲ್ಲಿರುತ್ತದೆ, ತಂತಿಯ ಈ ತುದಿಯಲ್ಲಿ ಕುಳಿತವರು ಅದನ್ನು ಕೇಳಿ ಪಡೆಯುತ್ತಾರೆ ಎಂಬ ಏರ್ಪಾಟು ಇಂದು ಯಾರಲ್ಲೂ ಬೆರಗು ಹುಟ್ಟಿಸುವುದಿಲ್ಲ. ಆದರೆ ಈ ಏರ್ಪಾಟನ್ನು ಮೊದಲ ಬಾರಿಗೆ ಲೋಕಕ್ಕೆ ತೋರಿಸಿದ ಕಾಲದಲ್ಲಿ, ಅಮೆರಿಕದಲ್ಲಿ ಕಂಪ್ಯೂಟರ್ ಎಂದರೆ ಯಂತ್ರವಲ್ಲ, ಸಂಬಳಕ್ಕೆ ಲೆಕ್ಕ ಮಾಡುವ ಮನುಷ್ಯ ಎಂದೇ ಅರ್ಥವಿತ್ತು. ಹಾಗೆ ತೋರಿಸಿದವರು ಗಣಿತಜ್ಞ ಜಾರ್ಜ್ ರಾಬರ್ಟ್ ಸ್ಟಿಬಿಟ್ಸ್.

ಅಡುಗೆಮನೆಯ ಮೇಜಿನಿಂದ

ಸ್ಟಿಬಿಟ್ಸ್ ಅವರು 1904ರ ಏಪ್ರಿಲ್‌ನಲ್ಲಿ ಅಮೆರಿಕದ ಪೆನ್ಸಿಲ್ವೇನಿಯ ರಾಜ್ಯದ ಯಾರ್ಕ್ ಎಂಬಲ್ಲಿ ಜನಿಸಿದರು. ತಂದೆ ಧರ್ಮಶಾಸ್ತ್ರದ ಅಧ್ಯಾಪಕರು. ಬಾಲ್ಯ ಕಳೆದದ್ದು ಒಹಾಯೊ ರಾಜ್ಯದ ಡೇಟನ್ ನಗರದಲ್ಲಿ. 1926ರಲ್ಲಿ ಡೆನಿಸನ್ ವಿಶ್ವವಿದ್ಯಾಲಯದಿಂದ ಪದವಿ, ಮರುವರ್ಷ ಯೂನಿಯನ್ ಕಾಲೇಜಿನಿಂದ ಸ್ನಾತಕೋತ್ತರ ಪದವಿ, 1930ರಲ್ಲಿ ಕಾರ್ನೆಲ್ ವಿಶ್ವವಿದ್ಯಾಲಯದಿಂದ ಗಣಿತೀಯ ಭೌತಶಾಸ್ತ್ರದಲ್ಲಿ ಡಾಕ್ಟರೇಟ್ ಪಡೆದರು. ಅದೇ ವರ್ಷ ನ್ಯೂಯಾರ್ಕ್‌ನ ಬೆಲ್ ದೂರವಾಣಿ ಪ್ರಯೋಗಾಲಯದಲ್ಲಿ ಗಣಿತಜ್ಞರಾಗಿ ಸೇರಿಕೊಂಡರು.

ಅಂದಿನ ದೂರವಾಣಿ ವ್ಯವಸ್ಥೆಯ ಜೀವಾಳವೆಂದರೆ ರಿಲೇ. ವಿದ್ಯುತ್ ಹರಿದಾಗ ಕಾಂತವಾಗಿ, ಪುಟ್ಟ ಪಟ್ಟಿಯೊಂದನ್ನು ಸೆಳೆದು ಮತ್ತೊಂದು ತಂತಿಯನ್ನು ಜೋಡಿಸುವ ಸ್ವಿಚ್ ಇದು. ಚಂದಾದಾರರು ಸಂಖ್ಯೆ ತಿರುಗಿಸಿದಾಗ ಯಾವ ತಂತಿಯನ್ನು ಯಾವುದಕ್ಕೆ ಸೇರಿಸಬೇಕೆಂಬುದನ್ನು ಸಾವಿರಾರು ರಿಲೇಗಳು ನಿರ್ಧರಿಸುತ್ತಿದ್ದವು. ರಿಲೇಗೆ ತಿಳಿದಿರುವುದು ಎರಡೇ ಸ್ಥಿತಿ: ಜೋಡಣೆ ಇದೆ, ಇಲ್ಲ. ದ್ವಿಮಾನ ಸಂಖ್ಯಾಪದ್ಧತಿಯಲ್ಲಿ ಇರುವುದೂ ಎರಡೇ ಅಂಕೆ. ಈ ಸಾಮ್ಯ ಸ್ಟಿಬಿಟ್ಸ್ ಅವರ ಮನಸ್ಸನ್ನು ಹಿಡಿದಿಟ್ಟಿತು.

1937ರ ನವೆಂಬರ್‌ನಲ್ಲಿ ಅವರು ಒಂದೆರಡು ಹಳೆಯ ರಿಲೇಗಳನ್ನು ಮನೆಗೆ ಕೊಂಡೊಯ್ದರು. ತಂಬಾಕಿನ ಡಬ್ಬಿಯ ತಗಡನ್ನು ಕತ್ತರಿಸಿ ಸ್ವಿಚ್ ಮಾಡಿದರು. ಟಾರ್ಚಿನ ಬಲ್ಬು ಮತ್ತು ಬ್ಯಾಟರಿಗಳನ್ನು ಜೋಡಿಸಿದರು. ಎರಡು ದ್ವಿಮಾನ ಅಂಕೆಗಳನ್ನು ಕೂಡಿ ಉತ್ತರವನ್ನು ಬಲ್ಬಿನ ಬೆಳಕಿನಲ್ಲಿ ತೋರಿಸುವ ಯಂತ್ರ ಅಡುಗೆಮನೆಯ ಮೇಜಿನ ಮೇಲೆ ಸಿದ್ಧವಾಯಿತು. ಪತ್ನಿ ಡೊರೊಥಿಯಾ ಅದಕ್ಕೆ ಮಾಡೆಲ್ ಕೆ ಎಂದು ಹೆಸರಿಟ್ಟರು. ಅಡುಗೆಮನೆಯ ಇಂಗ್ಲಿಷ್ ಹೆಸರಿನ ಮೊದಲ ಅಕ್ಷರವದು. ಪ್ರಯೋಗಾಲಯದ ಮೇಲಧಿಕಾರಿಗಳಿಗೆ ಮಾತ್ರ ಇದರಲ್ಲಿ ವಿಶೇಷವೇನೂ ಕಾಣಲಿಲ್ಲ.

ಮೂರು ಕಡೆ ಕೀಲಿಮಣೆ, ಒಂದೇ ಯಂತ್ರ

ಅಧಿಕಾರಿಗಳ ಮನಸ್ಸು ಬದಲಾಯಿಸಿದ್ದು ಲೆಕ್ಕದ ಹೊರೆ. ದೂರದ ಕರೆಗಳ ತಂತಿಗಳು ಬೆಳೆದಂತೆ, ಧ್ವನಿ ಕೆಡದಂತೆ ಸೋಸುವ ವಿದ್ಯುನ್ಮಂಡಲಗಳನ್ನು ವಿನ್ಯಾಸಗೊಳಿಸಬೇಕಿತ್ತು. ಅದಕ್ಕೆ ಬೇಕಾದುದು ಸಂಕೀರ್ಣ ಸಂಖ್ಯೆಗಳ ಗಣಿತ. ಇಂಥ ಸಂಖ್ಯೆಗೆ ಎರಡು ಭಾಗಗಳಿರುವುದರಿಂದ, ಅಂಥ ಎರಡನ್ನು ಒಮ್ಮೆ ಗುಣಿಸಲು ಸಾಮಾನ್ಯ ಗುಣಾಕಾರವನ್ನು ನಾಲ್ಕು ಬಾರಿ ಮಾಡಿ, ಮತ್ತೆ ಕೂಡಿ ಕಳೆಯಬೇಕು. ಇದಕ್ಕಾಗಿಯೇ ನೇಮಕಗೊಂಡ ಲೆಕ್ಕಿಗ ಮಹಿಳೆಯರು ಮೇಜಿನ ಗಣನಯಂತ್ರಗಳೊಂದಿಗೆ ದಿನವಿಡೀ ಸೆಣಸುತ್ತಿದ್ದರು. ಗಣಿತ ವಿಭಾಗದ ಮುಖ್ಯಸ್ಥ ಥಾರ್ನ್‌ಟನ್ ಫ್ರೈ ಅವರು, ರಿಲೇ ಯಂತ್ರಕ್ಕೆ ಈ ಕೆಲಸ ಸಾಧ್ಯವೇ ಎಂದು ಸ್ಟಿಬಿಟ್ಸ್ ಅವರನ್ನು ವಿಚಾರಿಸಿದರು.

ಸ್ಟಿಬಿಟ್ಸ್ ಅವರ ತರ್ಕ, ರಿಲೇ ತಂತ್ರಜ್ಞ ಸ್ಯಾಮ್ಯುಯೆಲ್ ವಿಲಿಯಮ್ಸ್ ಅವರ ಕೈಚಳಕ ಎರಡೂ ಸೇರಿ 1939ರಲ್ಲಿ ಸಂಕೀರ್ಣ ಸಂಖ್ಯಾ ಗಣಕ ರೂಪುಗೊಂಡಿತು. ನಾನ್ನೂರಕ್ಕೂ ಹೆಚ್ಚು ರಿಲೇಗಳಿದ್ದ ಆ ಯಂತ್ರ 1940ರ ಜನವರಿ 8ರಂದು ಕೆಲಸಕ್ಕೆ ತೊಡಗಿತು.

ಯಂತ್ರವನ್ನು ಪ್ರಯೋಗಾಲಯದ ಕಟ್ಟಡದೊಳಗೆ ಒಂದು ಮರೆಯಲ್ಲಿ ಇರಿಸಲಾಗಿತ್ತು. ಬಳಸುವವರು ಅದರ ಬಳಿಗೆ ಹೋಗುವ ಅಗತ್ಯವಿರಲಿಲ್ಲ. ಕಟ್ಟಡದ ಬೇರೆ ಬೇರೆ ಕಡೆ ಮೂರು ಟೆಲಿಟೈಪ್ ಯಂತ್ರಗಳನ್ನು ಇಟ್ಟು ತಂತಿಯಿಂದ ಜೋಡಿಸಲಾಗಿತ್ತು. ಸಂಖ್ಯೆಗಳನ್ನು ಕೀಲಿಮಣೆಯಲ್ಲಿ ಒತ್ತಿದರೆ ಉತ್ತರ ಅದೇ ಕಾಗದದ ಮೇಲೆ ಅಚ್ಚಾಗಿ ಬರುತ್ತಿತ್ತು. ಆದರೆ ಯಂತ್ರವೊಂದೇ, ಕೇಳುವವರು ಮೂವರು. ಮೊದಲು ಯಾರು ಕೈಹಾಕಿದರೋ ಯಂತ್ರ ಅವರದು; ಅವರು ಮುಗಿಸುವವರೆಗೆ ಉಳಿದವರು ಕಾಯಬೇಕು. ಒಂದು ಗಣಕಕ್ಕೆ ಹಲವು ತಂತಿಗಳು ಬಂದು ಸೇರಿದಾಗ ಯಾರಿಗೆ ಯಾವಾಗ ದಾರಿ ಬಿಡಬೇಕು? ಮುಂದೆ ಗಣಕ ಜಾಲವನ್ನು ಕಟ್ಟಿದ ಪ್ರತಿಯೊಬ್ಬರೂ ಎದುರಿಸಿದ ಈ ಪ್ರಶ್ನೆ ಮೊದಲು ಎದ್ದದ್ದು ಇಲ್ಲಿ.

ಹ್ಯಾನೋವರ್‌ನಿಂದ ನ್ಯೂಯಾರ್ಕ್‌ಗೆ

ತಂತಿ ಕಟ್ಟಡದೊಳಗೆ ಓಡಬಹುದಾದರೆ ಊರಿಂದೂರಿಗೂ ಓಡಬಹುದಲ್ಲವೇ? 1940ರ ಸೆಪ್ಟೆಂಬರ್‌ನಲ್ಲಿ ಅಮೆರಿಕದ ಗಣಿತ ಸಂಘದ ಸಭೆ ನ್ಯೂ ಹ್ಯಾಂಪ್‌ಶೈರ್ ರಾಜ್ಯದ ಹ್ಯಾನೋವರ್ ಎಂಬ ಪುಟ್ಟ ಪಟ್ಟಣದಲ್ಲಿ, ಡಾರ್ಟ್‌ಮತ್ ಕಾಲೇಜಿನಲ್ಲಿ ಏರ್ಪಟ್ಟಿತು. ಅಲ್ಲಿಂದ ನ್ಯೂಯಾರ್ಕ್ ಮುನ್ನೂರು ಕಿಲೋಮೀಟರಿಗೂ ಹೆಚ್ಚು ದೂರ. ಸ್ಟಿಬಿಟ್ಸ್ ಅವರು ಯಂತ್ರವನ್ನು ಕೊಂಡೊಯ್ಯಲಿಲ್ಲ. ಒಂದು ಟೆಲಿಟೈಪನ್ನು ಇರಿಸಿ, ದೂರವಾಣಿ ಸಂಸ್ಥೆಯ ತಂತಿಗಳ ಮೂಲಕ ನ್ಯೂಯಾರ್ಕ್‌ಗೆ ಜೋಡಿಸಿದರು.

ಸೆಪ್ಟೆಂಬರ್ 11ರಂದು ಪ್ರಬಂಧ ಮಂಡನೆಯ ನಂತರ ಸಭಿಕರಿಗೂ ಕೀಲಿಮಣೆಯನ್ನು ಬಿಟ್ಟುಕೊಡಲಾಯಿತು. ಲೆಕ್ಕ ನ್ಯೂಯಾರ್ಕ್‌ಗೆ ಹೋಗಿ, ಸುಮಾರು ಒಂದು ನಿಮಿಷದಲ್ಲಿ ಉತ್ತರ ಹ್ಯಾನೋವರ್‌ನಲ್ಲಿ ಅಚ್ಚಾಯಿತು. ಗಣಕವೊಂದನ್ನು ದೂರದಿಂದ ತಂತಿಯ ಮೂಲಕ ದುಡಿಸಿದ ಮೊದಲ ಪ್ರಸಂಗವಿದು. ಪ್ರಯತ್ನಿಸಿ ನೋಡಿದವರಲ್ಲಿ ನಾರ್ಬರ್ಟ್ ವೀನರ್ ಮತ್ತು ಜಾನ್ ಮಾಕ್ಲಿ ಇದ್ದರು. ಮುಂದೆ ವೀನರ್ ಅವರು ಸೈಬರ್‌ನೆಟಿಕ್ಸ್ ಶಾಸ್ತ್ರದ ಜನಕರೆನಿಸಿದರು. ಮಾಕ್ಲಿ ಅವರು ಎಕರ್ಟ್ ಅವರೊಡಗೂಡಿ ಎನಿಯಾಕ್ ಗಣಕವನ್ನು ರೂಪಿಸಿದರು.

ಇಷ್ಟಾದರೂ ಬೆಲ್ ಸಂಸ್ಥೆ ಕೂಡಲೇ ಮುಂದಡಿ ಇಡಲಿಲ್ಲ. ಯಂತ್ರಕ್ಕೆ ತಗುಲಿದ ವೆಚ್ಚ ಸುಮಾರು 20,000 ಡಾಲರ್. ಇನ್ನೂ ದೊಡ್ಡ ಯಂತ್ರಗಳಿಗಾಗಿ ಸ್ಟಿಬಿಟ್ಸ್ ಅವರು ಮುಂದಿಟ್ಟ ಯೋಜನೆಗಳು ದುಬಾರಿಯೆಂದು ಬದಿಗೆ ಸರಿದವು.

ತಪ್ಪನ್ನು ತಾನೇ ಹಿಡಿಯುವ ಯಂತ್ರ

ಯುದ್ಧ ಬಂದಾಗ ಹಣದ ಪ್ರಶ್ನೆ ಹಿಂದಾಯಿತು. 1941ರಲ್ಲಿ ಸ್ಟಿಬಿಟ್ಸ್ ಅವರು ಸರ್ಕಾರದ ರಾಷ್ಟ್ರೀಯ ರಕ್ಷಣಾ ಸಂಶೋಧನಾ ಸಮಿತಿಯ ಕೆಲಸಕ್ಕೆ ತೆರಳಿದರು. ವಿಮಾನವಿರೋಧಿ ಫಿರಂಗಿಗಳ ಗುರಿ ಲೆಕ್ಕಹಾಕುವ ಸಾಧನಗಳ ಪರೀಕ್ಷೆಗಾಗಿ ರಿಲೇ ಗಣಕಗಳ ಸಾಲೇ ಹೊರಬಂತು. 1942ರಲ್ಲಿ ಇಂಥ ಸಾಧನಗಳ ಕುರಿತ ಟಿಪ್ಪಣಿಯೊಂದರಲ್ಲಿ, ಅಂಕೆಗಳನ್ನೇ ಬಳಸಿ ಲೆಕ್ಕಮಾಡುವ ಯಂತ್ರಗಳನ್ನು ಡಿಜಿಟಲ್ ಎಂದು ಕರೆಯಬಹುದೆಂದು ಅವರು ಸೂಚಿಸಿದರು. ಇಂದು ಮಕ್ಕಳ ಬಾಯಲ್ಲೂ ಇರುವ ಪದ ಈ ಅರ್ಥದಲ್ಲಿ ಬಳಕೆಗೆ ಬಂದದ್ದು ಹೀಗೆ.

ಈ ಯಂತ್ರಗಳ ಇನ್ನೊಂದು ಗುಣವನ್ನೂ ಹೇಳಲೇಬೇಕು. ಪ್ರತಿ ದಶಮಾನ ಅಂಕೆಯನ್ನು ಏಳು ರಿಲೇಗಳಿಂದ ಸೂಚಿಸುವ ಕ್ರಮವಿತ್ತು. ಅವುಗಳಲ್ಲಿ ಯಾವಾಗಲೂ ಎರಡೇ ಎರಡು ಚಾಲೂ ಆಗಿರಬೇಕು. ಒಂದು ಕಣ ಧೂಳು ಸಿಕ್ಕಿ ರಿಲೇ ಮುಷ್ಕರ ಹೂಡಿದರೆ ಎಣಿಕೆ ತಪ್ಪುತ್ತದೆ, ಯಂತ್ರ ತಪ್ಪು ಉತ್ತರ ಕೊಡದೆ ನಿಂತುಬಿಡುತ್ತದೆ. ಬೆಲ್ ಪ್ರಯೋಗಾಲಯದ ಮತ್ತೊಬ್ಬ ಗಣಿತಜ್ಞ ರಿಚರ್ಡ್ ಹ್ಯಾಮಿಂಗ್ ಅವರಿಗೆ ಇದೇ ತಲೆನೋವಾಯಿತು. ವಾರಾಂತ್ಯದಲ್ಲಿ ಒಪ್ಪಿಸಿದ ಲೆಕ್ಕ ನಡುವೆ ನಿಂತಿರುತ್ತಿತ್ತು. ತಪ್ಪನ್ನು ಗುರುತಿಸಬಲ್ಲ ಯಂತ್ರ ಅದನ್ನು ತಿದ್ದಲೇಕೆ ಬಾರದು ಎಂದು ಯೋಚಿಸಿದ ಅವರು 1950ರಲ್ಲಿ ದೋಷ ತಿದ್ದುವ ಸಂಕೇತಗಳನ್ನು ಪ್ರಕಟಿಸಿದರು. ಗದ್ದಲದ ತಂತಿಯಲ್ಲೂ ಮಾಹಿತಿ ಕೆಡದಂತೆ ಸಾಗಿಸುವ ವಿದ್ಯೆಗೆ ಆ ಪ್ರಬಂಧ ಅಡಿಪಾಯಗಳಲ್ಲೊಂದು.

ಮತ್ತೆ ಅದೇ ಪಟ್ಟಣಕ್ಕೆ

ಯುದ್ಧಾನಂತರ ಸ್ಟಿಬಿಟ್ಸ್ ಅವರು ಬೆಲ್ ಪ್ರಯೋಗಾಲಯಕ್ಕೆ ಮರಳಲಿಲ್ಲ. ವರ್ಮಾಂಟ್ ರಾಜ್ಯದ ಬರ್ಲಿಂಗ್‌ಟನ್‌ನಲ್ಲಿ ನೆಲೆಸಿ ಸ್ವತಂತ್ರ ಸಲಹೆಗಾರರಾದರು. ಅತ್ತ ಗಣಕ ಲೋಕ ವೇಗದ ಬೆನ್ನು ಹತ್ತಿತು. 1946ರಲ್ಲಿ ಅನಾವರಣಗೊಂಡ ಎನಿಯಾಕ್‌ನಲ್ಲಿ ಸುಮಾರು 18,000 ನಿರ್ವಾತ ಕೊಳವೆಗಳಿದ್ದವು. ವೇಗದಲ್ಲಿ ರಿಲೇ ಯಂತ್ರಗಳು ಅದರ ಹತ್ತಿರಕ್ಕೂ ಸುಳಿಯುವಂತಿರಲಿಲ್ಲ. ಆದರೆ ಅದನ್ನು ಬಳಸುವವರು ಅದಿರುವ ಕೋಣೆಗೇ ಹೋಗಬೇಕಿತ್ತು. ವಾಯುರಕ್ಷಣೆಗೆ, ವಿಮಾನದ ಟಿಕೆಟ್ ಕಾದಿರಿಸುವುದಕ್ಕೆ ದೂರವಾಣಿ ತಂತಿಗಳ ಮೂಲಕ ಗಣಕವನ್ನು ಮುಟ್ಟುವ ದೊಡ್ಡ ವ್ಯವಸ್ಥೆಗಳು ನೆಲೆಗೊಳ್ಳುವ ಹೊತ್ತಿಗೆ ಹ್ಯಾನೋವರ್ ಪ್ರದರ್ಶನ ನಡೆದು ಸುಮಾರು ಎರಡು ದಶಕಗಳೇ ಕಳೆದಿದ್ದವು.

1964ರಲ್ಲಿ ಸ್ಟಿಬಿಟ್ಸ್ ಅವರು ಡಾರ್ಟ್‌ಮತ್ ವೈದ್ಯಕೀಯ ಕಾಲೇಜಿಗೆ ಸೇರಿದರು. ಕಾಕತಾಳೀಯವೆಂಬಂತೆ ಅದೇ ವರ್ಷದ ಮೇ 1ರ ಬೆಳಗಿನ ಜಾವ, ಅದೇ ಕಾಲೇಜಿನಲ್ಲಿ ಜಾನ್ ಕೆಮೆನಿ ಮತ್ತು ಥಾಮಸ್ ಕರ್ಟ್ಸ್ ಅವರ ತಂಡ ಹಲವರು ಏಕಕಾಲಕ್ಕೆ ಬಳಸಬಲ್ಲ ಗಣಕ ವ್ಯವಸ್ಥೆಯನ್ನು ಚಾಲೂ ಮಾಡಿತ್ತು. ಬೇಸಿಕ್ ಭಾಷೆ ಹುಟ್ಟಿದ್ದೂ ಆಗಲೇ. ಅಲ್ಲಿ ಲೆಕ್ಕ ಮಾಡಲು ಒಂದು ಯಂತ್ರ. ಟೆಲಿಟೈಪ್ ತಂತಿಗಳನ್ನು ನೋಡಿಕೊಳ್ಳಲೆಂದೇ ಡೇಟಾನೆಟ್-30 ಎಂಬ ಇನ್ನೊಂದು ಯಂತ್ರ. ಪ್ರತಿ ತಂತಿಯಲ್ಲೂ ಸೆಕೆಂಡಿಗೆ ಹತ್ತು ಅಕ್ಷರಗಳು ಬರುತ್ತಿದ್ದವು. ಮೊದಲು ಬಂದವರಿಗೆ ಇಡೀ ಯಂತ್ರ ಎಂಬ ಹಳೆಯ ನಿಯಮ ಹೋಗಿ, ಎಲ್ಲರಿಗೂ ಸರದಿಯಂತೆ ಕ್ಷಣಗಳನ್ನು ಹಂಚುವ ಕ್ರಮ ಬಂದಿತ್ತು.

ಮುಂದಿನ ದಶಕದಲ್ಲಿ ಐಬಿಎಂನಂಥ ಸಂಸ್ಥೆಗಳ ಮೇನ್‌ಫ್ರೇಮ್ ಗಣಕಗಳಿಗೆ ನೂರಾರು ತಂತಿಗಳು ಬಂದು ಸೇರತೊಡಗಿದವು. ಒಂದೊಂದು ತಂತಿಯ ಜಾತಕವನ್ನೂ ಗಣಕಕ್ಕೆ ಮೊದಲೇ ಬರೆದುಕೊಡಬೇಕಿತ್ತು: ತಂತಿಯ ವಿಳಾಸವೇನು, ವೇಗವೆಷ್ಟು, ಆ ತುದಿಯಲ್ಲಿರುವ ಉಪಕರಣ ಯಾವುದು, ಒಂದೇ ತಂತಿಯನ್ನು ಹಂಚಿಕೊಂಡಿರುವ ಟರ್ಮಿನಲ್‌ಗಳೆಷ್ಟು, ಅವುಗಳನ್ನು ಯಾವ ಕ್ರಮದಲ್ಲಿ ವಿಚಾರಿಸಬೇಕು, ತಪ್ಪು ಬಂದರೆ ಎಷ್ಟು ಬಾರಿ ಮರುಪ್ರಯತ್ನಿಸಬೇಕು. ಎರಡು ತುದಿಗಳಲ್ಲಿ ನಮೂದಾದ ವೇಗ ಹೊಂದದಿದ್ದರೆ ಬರುವುದು ಅರ್ಥವಿಲ್ಲದ ಅಕ್ಷರಗಳು. ವಿಳಾಸದ ಒಂದಂಕೆ ತಪ್ಪಿದರೆ ಗಣಕ ಇಲ್ಲದವರನ್ನೇ ಕರೆಯುತ್ತಿರುತ್ತದೆ. ಕೋಟಿಗಟ್ಟಲೆ ಬೆಲೆಯ ಯಂತ್ರ ಆರೋಗ್ಯವಾಗಿದ್ದರೂ ಶಾಖೆಯ ಗುಮಾಸ್ತರ ಪರದೆ ಮಾತ್ರ ಮೌನ. ಸರದಿ ಯಾರದು, ಸಂಕೇತ ಯಾವುದು, ತಪ್ಪನ್ನು ಹಿಡಿಯುವುದು ಹೇಗೆ ಎಂಬ ಈ ಮೂರೂ ಪ್ರಶ್ನೆಗಳಿಗೆ ಸ್ಟಿಬಿಟ್ಸ್ ಅವರು ರಿಲೇಗಳ ಕಾಲದಲ್ಲೇ ತಮ್ಮದೇ ರೀತಿಯಲ್ಲಿ ಉತ್ತರ ಹುಡುಕಿದ್ದರು.

ಕೊನೆಯ ದಿನಗಳು

ಡಾರ್ಟ್‌ಮತ್‌ನಲ್ಲಿ ಸ್ಟಿಬಿಟ್ಸ್ ಅವರು ಗಣಕವನ್ನು ವೈದ್ಯಕೀಯಕ್ಕೆ ತಂದರು. ಶ್ವಾಸಕೋಶದಲ್ಲಿ ಆಮ್ಲಜನಕ ಸಂಚರಿಸುವ ಬಗೆಯಂಥ ವಿಷಯಗಳನ್ನು ಗಣಿತದ ಸಮೀಕರಣಗಳಾಗಿಸಿ ಶರೀರವಿಜ್ಞಾನಿಗಳೊಂದಿಗೆ ದುಡಿದರು. ಅವರ ಹೆಸರಿನಲ್ಲಿ 38 ಪೇಟೆಂಟ್‌ಗಳಿವೆ. 1965ರಲ್ಲಿ ಜರ್ಮನಿಯ ಗಣಕ ನಿರ್ಮಾತೃ ಕೊನ್ರಾಡ್ ಜೂಸ ಅವರೊಂದಿಗೆ ಹ್ಯಾರಿ ಗುಡ್ ಪ್ರಶಸ್ತಿ ಹಂಚಿಕೊಂಡರು. 1983ರಲ್ಲಿ ಅಮೆರಿಕದ ರಾಷ್ಟ್ರೀಯ ಆವಿಷ್ಕಾರಕರ ಗೌರವ ಪಟ್ಟಿಗೆ ಸೇರಿದರು. ಇಳಿವಯಸ್ಸಿನಲ್ಲಿ ಅಮಿಗಾ ಎಂಬ ಮನೆಬಳಕೆಯ ಗಣಕದಲ್ಲಿ ಚಿತ್ರ ಬರೆಯುವುದು ಅವರ ಹವ್ಯಾಸವಾಗಿತ್ತು. 1995ರ ಜನವರಿ 31ರಂದು ಹ್ಯಾನೋವರ್‌ನಲ್ಲಿ, 90ನೆಯ ವಯಸ್ಸಿನಲ್ಲಿ ಅವರು ನಿಧನರಾದರು.

ಗಣಕದ ಇತಿಹಾಸ ಬರೆಯುವವರು ಸಾಮಾನ್ಯವಾಗಿ ಯಂತ್ರದ ವೇಗವನ್ನು ಅಳೆಯುತ್ತಾರೆ. ಆ ಅಳತೆಗೋಲಿನಲ್ಲಿ ಸ್ಟಿಬಿಟ್ಸ್ ಅವರ ರಿಲೇ ಯಂತ್ರಕ್ಕೆ ಸಿಗುವ ಸ್ಥಾನ ದೊಡ್ಡದಲ್ಲ. 1949ರ ಹೊತ್ತಿಗೆ ಅದರ ಸೇವೆಯೂ ಮುಗಿದಿತ್ತು. ಆದರೆ ಯಂತ್ರ ಎಲ್ಲಿದ್ದರೂ ಅದರ ಉಪಯೋಗ ಜನರಿರುವಲ್ಲಿಗೆ ತಲುಪಬೇಕು ಎಂಬ ವಿಚಾರ ಉಳಿಯಿತು. ಹಳ್ಳಿಯ ಬ್ಯಾಂಕ್ ಶಾಖೆಯಲ್ಲಿ ಹಣ ಪಡೆಯುವವರಿಗೂ ರೈಲ್ವೆ ಕೌಂಟರಿನಲ್ಲಿ ಟಿಕೆಟ್ ಕೊಳ್ಳುವವರಿಗೂ ಅದರ ಫಲ ಸಂದಿದೆ.