ರಾಗಿ ಲಕ್ಷ್ಮಣಯ್ಯನವರ ಬದುಕು ಹಾಗೂ ಅಧಿಕ ಇಳುವರಿ ರಾಗಿಗೆ ಸಂಯುಕ್ತ ಗೊಬ್ಬರ ನಿರ್ವಹಣೆ

ಮಂಡ್ಯ, ಮದ್ದೂರು, ಮಳವಳ್ಳಿ ಸೀಮೆಯ ಹಿರಿಯ ರೈತರು ‘ಇಂಡಾಫ್’ ಎಂಬ ಹೆಸರನ್ನು ಇನ್ನೂ ಮರೆತಿಲ್ಲ. ಆ ತಳಿಗಳನ್ನು ನೀಡಿದ ಲಕ್ಷ್ಮಣಯ್ಯನವರು 1921ರಲ್ಲಿ ಮೈಸೂರು ಸಮೀಪದ ಹಾರೋಹಳ್ಳಿಯಲ್ಲಿ ಜನಿಸಿದರು. ಮಂಡ್ಯದ ವಿ.ಸಿ. ಫಾರಂ ಅವರ ಕರ್ಮಭೂಮಿಯಾಗಿತ್ತು. ಜನರು ಅವರನ್ನು ರಾಗಿ ಬ್ರಹ್ಮರೆಂದೇ ಕರೆದರು.

ರಾಗಿಯ ಹೂವು ಅತಿ ಸೂಕ್ಷ್ಮವಾದುದು. ತನ್ನ ಪರಾಗದಿಂದಲೇ ಕಾಳು ಕಟ್ಟುತ್ತದೆ. ಆದುದರಿಂದ ಎರಡು ತಳಿಗಳನ್ನು ಸಂಕರಗೊಳಿಸುವುದು ಅಪಾರ ತಾಳ್ಮೆಯನ್ನು ಬೇಡುವ ಕಾರ್ಯ. ಲಕ್ಷ್ಮಣಯ್ಯನವರು ಮೊದಲು ಅರುಣ, ಉದಯ, ಪೂರ್ಣ, ಅನ್ನಪೂರ್ಣ, ಕಾವೇರಿ, ಶಕ್ತಿ ತಳಿಗಳನ್ನು ನೀಡಿದರು. ಅನಂತರ ನಮ್ಮ ರಾಗಿಯನ್ನು ದಪ್ಪ ತೆನೆಯ ಆಫ್ರಿಕಾ ರಾಗಿಯೊಡನೆ ಸಂಕರಗೊಳಿಸಿದರು. ಇಂಡಿಯಾ ಮತ್ತು ಆಫ್ರಿಕಾ ಎಂಬ ಎರಡು ಹೆಸರುಗಳು ಕೂಡಿ ‘ಇಂಡಾಫ್’ ಆಯಿತು. 1970ರ ದಶಕದಿಂದ ಈ ಸರಣಿಯ ತಳಿಗಳು ಒಂದೊಂದಾಗಿ ಹೊಲ ಸೇರಿದವು.

ಇಳುವರಿ ಹೆಚ್ಚಿದಂತೆ ಮಣ್ಣಿನಿಂದ ಹೊರಹೋಗುವ ಪೋಷಕಾಂಶವೂ ಹೆಚ್ಚಿತು. ಲಕ್ಷ್ಮಣಯ್ಯನವರ ಸಾಧನೆಯನ್ನು ಸ್ಮರಿಸುವವರು ಈ ಮಾತನ್ನು ಸಾಮಾನ್ಯವಾಗಿ ಬಿಟ್ಟುಬಿಡುತ್ತಾರೆ. ನೀರಾವರಿ ರಾಗಿಗೆ ಎಕರೆಗೆ 40 ಕಿ.ಗ್ರಾಂ. ಸಾರಜನಕ, ತಲಾ 20 ಕಿ.ಗ್ರಾಂ. ರಂಜಕ ಮತ್ತು ಪೊಟ್ಯಾಷ್ ಶಿಫಾರಸು ಇದೆ. ನಾಲ್ಕು ಟನ್ ಕೊಟ್ಟಿಗೆ ಗೊಬ್ಬರದಲ್ಲಿ ಇರುವ ಸಾರಜನಕ ಸುಮಾರು 20 ಕಿ.ಗ್ರಾಂ. ಮಾತ್ರ, ಅದರಲ್ಲಿಯೂ ಒಂದು ಭಾಗವಷ್ಟೇ ಮೊದಲ ಬೆಳೆಗೆ ಒದಗುತ್ತದೆ. ಹೀಗಾಗಿ ಗೊಬ್ಬರದ ಗುಂಡಿಯೊಂದನ್ನೇ ನಂಬಿ ಈ ತಳಿಗಳ ಪೂರ್ಣ ಫಸಲು ನಿರೀಕ್ಷಿಸುವುದು ಕಷ್ಟ.

ಕೇವಲ ರಾಸಾಯನಿಕ ಗೊಬ್ಬರವೂ ಸಾಲದು. ಬೆಂಗಳೂರಿನ ಕೆಂಪು ಮಣ್ಣಿನಲ್ಲಿ 1978ರಿಂದ ಖುಷ್ಕಿಯಲ್ಲಿಯೂ 1986ರಿಂದ ನೀರಾವರಿಯಲ್ಲಿಯೂ ನಡೆದಿರುವ ದೀರ್ಘಾವಧಿ ರಾಗಿ ಪ್ರಯೋಗಗಳಲ್ಲಿ, ಶಿಫಾರಸು ಮಾಡಿದ ರಸಗೊಬ್ಬರದ ಜೊತೆಗೆ ಕೊಟ್ಟಿಗೆ ಗೊಬ್ಬರವನ್ನೂ ಪಡೆದ ತಾಕುಗಳು ಇಳುವರಿಯನ್ನು ಉಳಿಸಿಕೊಂಡವು. ರಸಗೊಬ್ಬರ ಮಾತ್ರ ಪಡೆದ ತಾಕುಗಳಲ್ಲಿ ಮಣ್ಣು ಹುಳಿಯಾಗುತ್ತ ಬಂದು ಇಳುವರಿ ಇಳಿಯಿತು. ನಮ್ಮ ಭಾಗದ ಮರಳುಮಿಶ್ರಿತ ಕೆಂಪು ಮಣ್ಣಿಗೂ ಈ ಎಚ್ಚರಿಕೆ ಅನ್ವಯಿಸುತ್ತದೆ.

ಆದುದರಿಂದ ನಾಟಿಗೆ ಎರಡು ಮೂರು ವಾರ ಮುಂಚೆ ಎಕರೆಗೆ ನಾಲ್ಕು ಟನ್ ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರವನ್ನು ಮಣ್ಣಿಗೆ ಸೇರಿಸತಕ್ಕದ್ದು. ಅರ್ಧ ಸಾರಜನಕ ಹಾಗೂ ಪೂರ್ಣ ರಂಜಕ, ಪೊಟ್ಯಾಷ್‌ಗಳನ್ನು ನಾಟಿಯ ಸಮಯದಲ್ಲಿಯೂ, ಉಳಿದ ಸಾರಜನಕವನ್ನು ಸುಮಾರು ನಾಲ್ಕು ವಾರಗಳ ನಂತರ ಕಳೆ ತೆಗೆದ ಮೇಲೆಯೂ ಒದಗಿಸಬೇಕು. ಮಣ್ಣು ಪರೀಕ್ಷೆಯ ವರದಿ ಕೈಯಲ್ಲಿದ್ದರೆ ಅದರಂತೆಯೇ ಪ್ರಮಾಣವನ್ನು ಬದಲಿಸಿಕೊಳ್ಳುವುದು. ಯೂರಿಯಾ ಮಿತಿಮೀರಿದರೆ ಪೈರು ಒರಗುತ್ತದೆ, ಬೆಂಕಿ ರೋಗವೂ ಉಲ್ಬಣಿಸುತ್ತದೆ.

ಬೆಂಕಿ ರೋಗವೇ ಇಂಡಾಫ್ ತಳಿಗಳ ದೌರ್ಬಲ್ಯವಾಗಿತ್ತು. 1993ರಲ್ಲಿ ಲಕ್ಷ್ಮಣಯ್ಯನವರು ತೀರಿಕೊಂಡರು. ರೋಗನಿರೋಧಕ ಶಕ್ತಿಯುಳ್ಳ ಜಿಪಿಯು-28 ತಳಿ ಮುಂದೆ ಇಂಡಾಫ್ ತಳಿಗಳ ಸ್ಥಾನವನ್ನು ಬಹುಮಟ್ಟಿಗೆ ಪಡೆಯಿತು. ಅದರ ವಂಶದಲ್ಲಿ ಅವರ ಇಂಡಾಫ್-5 ಮತ್ತು ಇಂಡಾಫ್-9 ಇವೆ.